ಕರಾವಳಿಯ ತೇವಕ್ಕೆ ಯಾವ ಅಡಿಕೆ? ಗಿಡ್ಡ ಹೈಬ್ರಿಡ್, ಮಂಗಳ, ಮೋಹಿತ್‌ನಗರ: ಚನ್ನಗಿರಿಯಿಂದ ಒಂದು ಹೋಲಿಕೆ

ನಮ್ಮ ತಂಗಿಯನ್ನು ಕೊಟ್ಟಿರುವುದು ಕರಾವಳಿಗೆ, ಉಡುಪಿ ಜಿಲ್ಲೆ ಬ್ರಹ್ಮಾವರದ ಕಡೆಗೆ. ನಾವು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನವರು, ಭದ್ರಾ ನಾಲೆಯ ಕೆಳಗೆ ತೋಟ ಇದೆ. ಎರಡೂ ಮನೆಯ ಬದುಕು ಅಡಿಕೆಯ ಮೇಲೆಯೇ ನಿಂತಿದೆ. ಆದರೆ ಮಳೆ ಬೇರೆ, ಮಣ್ಣು ಬೇರೆ, ಮಾರುವ ಅಡಿಕೆಯೂ ಬೇರೆ. ಹೋದ ಮಳೆಗಾಲ ಮುಗಿದ ಮೇಲೆ ತಂಗಿಯ ಗಂಡ ಫೋನ್ ಮಾಡಿದರು. "ಭಾವ, ಇಲ್ಲೊಬ್ಬರು ಗಿಡ್ಡ ಹೈಬ್ರಿಡ್ ಸಸಿ ಕೊಡ್ತಾರಂತೆ. ಅದಕ್ಕೆ ಕೊಳೆರೋಗ ಬರೋದೇ ಇಲ್ಲವಂತೆ. ಮುನ್ನೂರು ಹಾಕಿಬಿಡಲಾ?" ಅಂತ ಕೇಳಿದರು.

ತಕ್ಷಣ ಬೇಡ ಅಂದೆ. ಆಮೇಲೆ ಎರಡು ದಿನ ಕೂತು ಯೋಚನೆ ಮಾಡಿದೆ. ಬೇಡ ಅಂದದ್ದು ಪೂರ್ತಿ ಸರಿ ಇರಲಿಲ್ಲ, ಹಾಕಿ ಅಂದಿದ್ದರೂ ಪೂರ್ತಿ ಸರಿ ಆಗುತ್ತಿರಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಯಾಕಂದರೆ ಈ ಪ್ರಶ್ನೆ ಈಗ ಕರಾವಳಿಯಲ್ಲಿ ಜಾಗ ಇರುವ ಎಲ್ಲರಿಗೂ ಇದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಿ ತೋಟ ತೆಗೆದುಕೊಂಡವರಿಗಂತೂ ಇದ್ದೇ ಇದೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕೊಳೆರೋಗ ಅಂದರೆ ಮಳೆಗಾಲದಲ್ಲಿ ಹಸಿ ಕಾಯಿ ಕೊಳೆತು ಉದುರುವ ರೋಗ. ಕೊಳೆರೋಗ ಬರೋದೇ ಇಲ್ಲ ಅನ್ನುವ ಅಡಿಕೆ ತಳಿಯನ್ನು ಇವತ್ತಿನವರೆಗೆ ಯಾರೂ ಬಿಡುಗಡೆ ಮಾಡಿಲ್ಲ. ಗಿಡ್ಡಕ್ಕೂ ಬರುತ್ತೆ, ಎತ್ತರದ್ದಕ್ಕೂ ಬರುತ್ತೆ. ಹಾಗಾಗಿ "ಯಾವ ತಳಿಗೆ ಕೊಳೆ ಬರಲ್ಲ" ಅಂತ ಹುಡುಕಿಕೊಂಡು ಹೋದರೆ ಸುಳ್ಳು ಹೇಳುವವರ ಬಾಗಿಲಿಗೇ ಹೋಗಿ ನಿಲ್ಲುತ್ತೀರಿ. ಕೇಳಬೇಕಾದ್ದು ಬೇರೆ: ಮಳೆ ಹಿಡಿಯುವ ಮೊದಲು ಆ ಮರದ ಗೊನೆಗೆ ನಿಮ್ಮ ಕೈಯಲ್ಲಿ ಔಷಧಿ ಮುಟ್ಟಿಸಲು ಆಗುತ್ತಾ? ನನ್ನ ಹೋಲಿಕೆ ಎಲ್ಲಾ ಇದರ ಮೇಲೆಯೇ.

ತೇವ ಅಂದರೆ ಎಷ್ಟು ತೇವ

ದಾವಣಗೆರೆಯಲ್ಲಿ ವರ್ಷಕ್ಕೆ 600 ರಿಂದ 650 ಮಿ.ಮೀ. ಮಳೆ ಆದರೆ ಒಳ್ಳೆ ವರ್ಷ ಅನ್ನುತ್ತೇವೆ. ಚಿತ್ರದುರ್ಗದಲ್ಲಿ ಇನ್ನೂ ಕಡಿಮೆ. ಉಡುಪಿಯಲ್ಲಿ 4000 ಮಿ.ಮೀ. ಆಸುಪಾಸು. ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ನಮ್ಮಲ್ಲಿ ಇಡೀ ವರ್ಷ ಬೀಳುವ ಮಳೆ ಅಲ್ಲಿ ಒಂದು ತಿಂಗಳಿಗೂ ಸಾಲದು.

ಕೊಳೆರೋಗ ತರುವುದು ಫೈಟಾಫ್ತೊರಾ ಅನ್ನುವ ಒಂದು ಶಿಲೀಂಧ್ರದಂಥ ಜೀವಿ. ಅದಕ್ಕೆ ಬೇಕಾದ್ದು ತಂಪು ಹವೆ, ಬಿಡದ ತೇವ, ನಡುನಡುವೆ ಒಂದಿಷ್ಟು ಬಿಸಿಲು. 20 ರಿಂದ 23 ಡಿಗ್ರಿ ಉಷ್ಣಾಂಶ ಇದ್ದು ಗಾಳಿಯ ತೇವಾಂಶ ಶೇ. 90 ದಾಟಿದರೆ ಅದಕ್ಕೆ ಹಬ್ಬ. ಮಳೆ ಹನಿ ಗೊನೆಯ ಮೇಲೆ ಬಿದ್ದು ಸಿಡಿದಾಗ ಪಕ್ಕದ ಕಾಯಿಗೆ, ಪಕ್ಕದ ಮರಕ್ಕೆ ದಾಟುತ್ತೆ. ಮೊದಲು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಡು ಹಸಿರು ಮಚ್ಚೆ ಕಾಣಿಸುತ್ತೆ, ಆಮೇಲೆ ಕಾಯಿ ಉದುರುತ್ತೆ, ಉದುರಿದ್ದರ ಮೇಲೆ ಬಿಳಿ ಬೂಸ್ಟು ಬೆಳೆಯುತ್ತೆ. ಒಂದು ಜುಲೈಯಲ್ಲಿ ತಂಗಿ ಮನೆಗೆ ಹೋಗಿದ್ದಾಗ ಬೆಳಿಗ್ಗೆ ತೋಟಕ್ಕೆ ಇಳಿದೆ. ಕಾಲಿಟ್ಟಲ್ಲೆಲ್ಲ ಹಸಿರು ಕಾಯಿ. ಒಂದನ್ನು ಎತ್ತಿ ಹಿಸುಕಿದರೆ ಮೆತ್ತಗೆ ಒಳಗೆ ಹೋಯಿತು. ತಂಗಿಯ ಮಾವನವರು ಏನೂ ಮಾತಾಡದೆ ಬುಟ್ಟಿಗೆ ಆರಿಸಿ ಹಾಕುತ್ತಿದ್ದರು. ಅಲ್ಲೇ ಬಿಟ್ಟರೆ ಅದರಿಂದ ಮತ್ತೆ ಹರಡುತ್ತೆ, ಅದಕ್ಕೆ ಆರಿಸಿ ತೋಟದಿಂದ ಆಚೆ ಸಾಗಿಸಬೇಕು.

ನಮ್ಮ ಕಡೆ ಕೊಳೆ ಇಷ್ಟು ಕಾಡುವುದಿಲ್ಲ. ನಮ್ಮ ಸಂಕಟ ನೀರಿನದು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಂಡೆವು. ಆದ್ದರಿಂದ ಚನ್ನಗಿರಿಯಲ್ಲಿ ಚೆನ್ನಾಗಿ ಬಂದ ತಳಿ ಬ್ರಹ್ಮಾವರಕ್ಕೂ ಸರಿ ಅಂತ ನಾನು ಹೇಳಲಾರೆ. ಅಲ್ಲಿಂದ ಇಲ್ಲಿಗೆ ತಂದರೂ ಅದೇ ಮಾತು.

ಹೈಬ್ರಿಡ್ ಅನ್ನುವ ಹೆಸರು

ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಮೋಸ ಹೋಗುವುದು ಇಲ್ಲೇ.

ನರ್ಸರಿಗಳಲ್ಲಿ ಮಂಗಳ, ಇಂಟರ್ ಮಂಗಳ, ಸುಮಂಗಳ, ಮೋಹಿತ್‌ನಗರ ಎಲ್ಲವನ್ನೂ "ಹೈಬ್ರಿಡ್" ಅಂತಲೇ ಮಾರುತ್ತಾರೆ. ಇವು ಯಾವುವೂ ಹೈಬ್ರಿಡ್ ಅಲ್ಲ. ಮಂಗಳ ಚೀನಾದಿಂದ ತಂದ ಅಡಿಕೆಯಿಂದ ಆರಿಸಿದ್ದು, 1972ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರದಿಂದ ಬಂತು. ಸುಮಂಗಳ ಇಂಡೋನೇಷ್ಯಾದ್ದು, ಶ್ರೀಮಂಗಳ ಸಿಂಗಪುರದ್ದು. ಮೋಹಿತ್‌ನಗರ ಪಶ್ಚಿಮ ಬಂಗಾಳದ್ದು, 1991ರಲ್ಲಿ ಬಂತು. ಸ್ವರ್ಣಮಂಗಳ ವಿಯೆಟ್ನಾಂ ಮೂಲದ್ದು. ಎಲ್ಲವೂ ಇದ್ದ ಮರಗಳಲ್ಲಿ ಒಳ್ಳೆಯದನ್ನು ನೋಡಿ ಆರಿಸಿದ ತಳಿಗಳು. ಇಂಟರ್ ಮಂಗಳ ಅಂದರೆ ಮಂಗಳಕ್ಕೆ ಮಂಗಳವನ್ನೇ ಕೂಡಿಸಿದ್ದು, ಅಷ್ಟೇ.

ನಿಜವಾದ ಹೈಬ್ರಿಡ್ ಅಂದರೆ ವಿಟ್ಲದವರದೇ ಎರಡು ಗಿಡ್ಡ ತಳಿ: ವಿಟಿಎಲ್‌ಎಎಚ್-1 ಮತ್ತು ವಿಟಿಎಲ್‌ಎಎಚ್-2. ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ತಾನಾಗಿ ಗಿಡ್ಡವಾಗಿ ಹುಟ್ಟಿದ ಒಂದು ಅಡಿಕೆ ಇದೆ, ಅದಕ್ಕೆ ಹಿರೇಹಳ್ಳಿ ಗಿಡ್ಡ ಅಂತಲೇ ಹೆಸರು. ಮರ ಬಹಳ ಚೆನ್ನ, ಆದರೆ ಅದರ ಅಡಿಕೆ ಮಾರುಕಟ್ಟೆಗೆ ಆಗುವುದಿಲ್ಲ. ಅದಕ್ಕೆ ಸುಮಂಗಳವನ್ನು ಕೂಡಿಸಿ ಒಂದನೆಯದನ್ನು ಮಾಡಿದರು, ಮೋಹಿತ್‌ನಗರವನ್ನು ಕೂಡಿಸಿ ಎರಡನೆಯದನ್ನು ಮಾಡಿದರು. ಗಿಡ್ಡತನ ಹಿರೇಹಳ್ಳಿಯದು, ಅಡಿಕೆಯ ಗುಣ ಎತ್ತರದ ಮರದ್ದು.

ಈ ಕೂಡಿಸುವ ಕೆಲಸ ಮರ ಹತ್ತಿ ಕೈಯಲ್ಲೇ ಮಾಡಬೇಕು. ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಬಿಚ್ಚಿಕೊಂಡಾಗ ಎಳೆಗಳ ತುದಿಯಲ್ಲೆಲ್ಲ ಗಂಡು ಹೂ ಇರುತ್ತೆ, ಅಕ್ಕಿ ಕಾಳಿನಷ್ಟು, ಬಿಳಿ. ಬುಡದಲ್ಲಿ ದಪ್ಪಗೆ ಹೆಣ್ಣು ಹೂ. ಗಂಡು ಹೂ ಇರುವ ತುದಿಗಳನ್ನು ಕತ್ತರಿಸಿ ತೆಗೆದು, ಉಳಿದ ಹಿಂಗಾರಕ್ಕೆ ಚೀಲ ಕಟ್ಟುತ್ತಾರೆ. ಹೆಣ್ಣು ಹೂ ಬಾಯಿ ಬಿಟ್ಟ ದಿನಗಳಲ್ಲಿ ಬೇರೆ ಮರದ ಪರಾಗ ಹಾಕುತ್ತಾರೆ. ಒಂದೊಂದು ಗೊನೆಗೂ ಇಷ್ಟು ಕೆಲಸ. ಹಾಗೆ ಮಾಡಿದ ಗೊನೆಯ ಗೋಟಿನಿಂದ (ಬೀಜಕ್ಕೆ ಬಿಟ್ಟ ಹಣ್ಣಡಿಕೆಯಿಂದ) ಹುಟ್ಟಿದ ಸಸಿ ಮಾತ್ರ ಹೈಬ್ರಿಡ್. ಹೈಬ್ರಿಡ್ ಮರ ಬೆಳೆದು ಅದರಲ್ಲಿ ಬಿಟ್ಟ ಗೋಟನ್ನು ಬಿತ್ತಿದರೆ ಬರುವುದು ಹೈಬ್ರಿಡ್ ಅಲ್ಲ. ಅಡಿಕೆಯಲ್ಲಿ ಒಂದೇ ಹಿಂಗಾರದ ಗಂಡು ಹೂ ಮೊದಲು ಉದುರಿಹೋಗುತ್ತೆ, ಹೆಣ್ಣು ಹೂ ಆಮೇಲೆ ಅರಳುತ್ತೆ, ಹಾಗಾಗಿ ಅದಕ್ಕೆ ಯಾವ ಮರದ ಪರಾಗ ಬಂದು ಕೂರುತ್ತೋ ಹೇಳಲು ಆಗದು. ಆ ಸಸಿಗಳಲ್ಲಿ ಕೆಲವು ಗಿಡ್ಡ, ಕೆಲವು ಎತ್ತರ, ಕೆಲವು ಎರಡೂ ಅಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ನರ್ಸರಿಯಿಂದ ನಲವತ್ತು ಗಿಡ್ಡ ಹೈಬ್ರಿಡ್ ಸಸಿ ತಂದು ಮನೆ ಹಿಂದೆ ಹಾಕಿದೆ. ಐದನೇ ವರ್ಷಕ್ಕೆ ನೋಡಿದರೆ ಸಾಲು ಹಲ್ಲು ಬಿದ್ದ ಬಾಚಣಿಗೆ ಥರ ಇತ್ತು. ಹದಿನೈದು ಮರ ನಾಟಿ ಅಡಿಕೆಯಂತೆ ಮೇಲಕ್ಕೆ ಹೋಗಿದ್ದವು. ಗಿಡ್ಡವಾಗಿ ನಿಂತವುಗಳಲ್ಲಿ ಏಳೆಂಟರ ಕಾಯಿ ಸುಲಿದರೆ ಒಳಗಿನ ತಿರುಳು ಸರಿಯಿಲ್ಲ, ಹಿರೇಹಳ್ಳಿ ಗಿಡ್ಡದ ಗುಣವೇ ಬಂದುಬಿಟ್ಟಿತ್ತು. ಕೇಳಲು ಹೋದರೆ "ಹೈಬ್ರಿಡ್ ತೋಟದ್ದೇ ಗೋಟು ಸ್ವಾಮಿ" ಅಂದರು. ಅವರು ಹೇಳಿದ್ದು ನಿಜವೇ ಇರಬಹುದು. ತೊಂದರೆ ಆಗಿದ್ದೂ ಅದರಿಂದಲೇ. ಸಸಿಯ ದುಡ್ಡು ಹೋದರೆ ಹೋಗಲಿ, ಐದು ವರ್ಷದ ನೀರು ಗೊಬ್ಬರವನ್ನು ಯಾರು ಕೊಡುತ್ತಾರೆ?

ಆದ್ದರಿಂದ ಸಸಿ ಮಾರುವವರನ್ನು "ಇದು ಹೈಬ್ರಿಡ್ಡಾ" ಅಂತ ಕೇಳಬೇಡಿ, ಹೌದು ಅಂತಲೇ ಹೇಳುತ್ತಾರೆ. "ಪರಾಗಸ್ಪರ್ಶ ಮಾಡಿಸಿದ್ದು ಎಲ್ಲಿ, ತಾಯಿ ಮರ ಯಾವುದು, ತೋರಿಸ್ತೀರಾ" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ. ವಿಟ್ಲದಲ್ಲಿರುವ, ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕೇಂದ್ರ, ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿರುವ ಅವರದೇ ತೋಟ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಇವರನ್ನು ಮೊದಲು ವಿಚಾರಿಸಿ. ಬೇಕು ಅಂದ ದಿನವೇ ಸಿಗುವುದಿಲ್ಲ, ಮೊದಲೇ ಹೆಸರು ಬರೆಸಬೇಕಾಗುತ್ತೆ.

ಈಗ ಎದುರೆದುರು ಇಟ್ಟು ನೋಡೋಣ

ವಿಟ್ಲದವರು ಕೊಡುವ ಲೆಕ್ಕ ಹೀಗಿದೆ. ಒಂದು ಮರಕ್ಕೆ ವರ್ಷಕ್ಕೆ ಒಣ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಮಂಗಳದಲ್ಲಿ 3 ಕೆ.ಜಿ., ಸುಮಂಗಳದಲ್ಲಿ 3.28, ಮೋಹಿತ್‌ನಗರದಲ್ಲಿ 3.67, ಸ್ವರ್ಣಮಂಗಳದಲ್ಲಿ 3.88. ಗಿಡ್ಡ ಹೈಬ್ರಿಡ್‌ಗಳಲ್ಲಿ ಒಂದನೆಯದು 2.54, ಎರಡನೆಯದು 2.64. ಅಂದರೆ ನೂರು ಮರಕ್ಕೆ ಮೋಹಿತ್‌ನಗರದಿಂದ 367 ಕೆ.ಜಿ., ಗಿಡ್ಡದಿಂದ 264 ಕೆ.ಜಿ. ಒಂದು ಕ್ವಿಂಟಾಲ್ ಚಾಲಿಯ ವ್ಯತ್ಯಾಸ. ಕಾಗದದ ಮೇಲೆ ಗಿಡ್ಡ ಸೋತಿತು, ಅಲ್ವಾ?

ಆದರೆ ಈ ಲೆಕ್ಕ ಚೆನ್ನಾಗಿ ನೋಡಿಕೊಂಡ ತೋಟದ್ದು. ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದಿರುತ್ತೆ. ತಂಗಿಯ ಗಂಡನ ತೋಟದಲ್ಲಿ ಹಾಗಿಲ್ಲ. ಅಲ್ಲಿ ಮರ ಹತ್ತುವವರು ಊರಿಗೆಲ್ಲ ಇಬ್ಬರೇ. ಜೂನ್ ಮೊದಲ ವಾರದ ಒಳಗೆ ಎಲ್ಲರಿಗೂ ಅವರೇ ಬೇಕು. ಒಂದು ವರ್ಷ ಅವರು ಬರುವಷ್ಟರಲ್ಲಿ ಮಳೆ ಹಿಡಿದು ಹನ್ನೆರಡು ದಿನ ಬಿಡಲೇ ಇಲ್ಲ, ಆ ಸಲ ಅರ್ಧ ಫಸಲು ನೆಲ ಸೇರಿತು. ಅರ್ಧ ಹೋದ ಮೇಲೆ 3.67 ಕೆ.ಜಿ. ಎಲ್ಲಿ ಉಳಿಯಿತು? ನೆಲದ ಮೇಲೆ ನಿಂತು, ಇಲ್ಲವೇ ಸಣ್ಣ ಏಣಿ ಇಟ್ಟು, ಮನೆಯವರೇ ಗೊನೆಯ ಒಳಗೆಲ್ಲ ಹೊಡೆಯಬಹುದಾದ ಮರದಲ್ಲಿ 2.64 ಕೆ.ಜಿ. ಪೂರ್ತಿ ಕೈಗೆ ಬಂದರೆ ಅದೇ ಜಾಸ್ತಿ. ನನ್ನ ಮಟ್ಟಿಗೆ ಗಿಡ್ಡ ಹೈಬ್ರಿಡ್‌ನ ಬೆಲೆ ಇಷ್ಟೇ, ಮತ್ತು ಕರಾವಳಿಯಲ್ಲಿ ಇದು ಸಣ್ಣ ಬೆಲೆ ಅಲ್ಲ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಇಪ್ಪತ್ತು ಮರ ಮುಗಿಸಬಹುದು. ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದೂ ಸುಲಭ. ಕಾಂಡದ ಉಂಗುರಗಳು ಒತ್ತೊತ್ತಾಗಿ ಇರುವುದರಿಂದ ಮರ ಗಟ್ಟಿಯಾಗಿ ನಿಲ್ಲುತ್ತೆ.

ಇನ್ನು ದೋಟಿ (ನೆಲದಿಂದ ಮೇಲಕ್ಕೆ ಚಾಚುವ ಉದ್ದ ಕೋಲು) ಇದೆಯಲ್ಲ ಅನ್ನುತ್ತೀರಿ. ಹೌದು, ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಎತ್ತರದ ಮರಕ್ಕೂ ನೆಲದಿಂದಲೇ ಹೊಡೆಯುತ್ತಾರೆ, ನಮ್ಮಲ್ಲೂ ಗೊನೆ ಕೊಯ್ಯುವುದು ಅದರಿಂದಲೇ. ಆದರೆ ದೋಟಿ ಹಿಡಿದು ಮೇಲೆ ನೋಡುತ್ತಾ ದಿನವಿಡೀ ನಿಲ್ಲುವುದಕ್ಕೂ ಪಳಗಿದ ಆಳು ಬೇಕು. ದೋಟಿಯೂ ಆಳೂ ಎರಡೂ ಇರುವ ಮನೆಗೆ ನಾನು ಗಿಡ್ಡ ಹೇಳುವುದಿಲ್ಲ, ಎತ್ತರದ್ದನ್ನೇ ಹೇಳುತ್ತೇನೆ.

ಎತ್ತರದವುಗಳಲ್ಲಿ ತೇವದ ಜಾಗಕ್ಕೆ ನನ್ನ ಆಯ್ಕೆ ಮೋಹಿತ್‌ನಗರ. ಇಳುವರಿ ಒಂದೇ ಕಾರಣ ಅಲ್ಲ. ಅದರ ಗೊನೆಯಲ್ಲಿ ಕಾಯಿ ಬಿಡಿಬಿಡಿಯಾಗಿ ಕೂರುತ್ತವೆ, ಎಲ್ಲವೂ ಒಂದೇ ಸಮ ಬೆಳೆಯುತ್ತವೆ. ಒತ್ತಾಗಿರುವ ಗೊನೆಯಲ್ಲಿ ಬೆರಳು ತೂರಿಸಲೂ ಆಗುವುದಿಲ್ಲ, ಹೊರಗಿನ ಕಾಯಿ ಮೇಲೆ ಔಷಧಿ ನೀಲಿಯಾಗಿ ಕಾಣುತ್ತೆ, ಒಳಗಿನ ಸಾಲು ಒಣಗಿಯೇ ಉಳಿದಿರುತ್ತೆ. ಮಳೆ ನೀರು ಮಾತ್ರ ಒಳಗೆ ಹೋಗಿ ನಿಲ್ಲುತ್ತೆ. ಬಿಡಿ ಗೊನೆಯಲ್ಲಿ ಗಾಳಿ ಆಡುತ್ತೆ, ಔಷಧಿ ಒಳಗೆ ಇಳಿಯುತ್ತೆ. ಕೊಳೆ ತಡೆಯುವ ಶಕ್ತಿ ಅದಕ್ಕೆ ಇದೆ ಅಂತ ನಾನು ಹೇಳುತ್ತಿಲ್ಲ, ನಿಮ್ಮ ಔಷಧಿ ಕೆಲಸ ಮಾಡಲು ಅದು ಬಿಡುತ್ತೆ ಅಂತ ಹೇಳುತ್ತಿದ್ದೇನೆ.

ಮಂಗಳ ಬೇಗ ಫಲ ಕೊಡುತ್ತೆ, ತೀರಾ ಎತ್ತರಕ್ಕೂ ಹೋಗುವುದಿಲ್ಲ. ಗಿಡ್ಡ ಹೈಬ್ರಿಡ್ ನಂಬಿಕೆಯ ಜಾಗದಲ್ಲಿ ಸಿಗದಿದ್ದರೆ ನಡುವಿನ ದಾರಿ ಇದೇ. ಸ್ವರ್ಣಮಂಗಳದಲ್ಲಿ ಕಾಯಿ ತೂಕ, ಒಣಗಿಸಿದ ಮೇಲೂ ಚಾಲಿ ಚೆನ್ನಾಗಿ ಉಳಿಯುತ್ತೆ. ಸುಮಂಗಳ, ಶ್ರೀಮಂಗಳ ಕೆಟ್ಟವಲ್ಲ, ಆದರೆ ಮೋಹಿತ್‌ನಗರ ಸಿಗುವಾಗ ಅವನ್ನು ಯಾಕೆ ಹಾಕಬೇಕು ಅಂತ ನನಗೆ ಅನಿಸುತ್ತೆ. ಶಿರಸಿಯ ಎಸ್‌ಎಎಸ್-1 ಮಲೆನಾಡಿನ ಅಡಿಕೆ, ಅದನ್ನು ಅಲ್ಲಿಯವರಿಗೆ ಬಿಡೋಣ.

ನಮ್ಮ ಚನ್ನಗಿರಿ ಕಡೆಯವರು ಇದನ್ನು ಓದಿ "ಹಂಗಾದ್ರೆ ನಾವೂ ಮೋಹಿತ್‌ನಗರ ಹಾಕೋಣ" ಅನ್ನುವ ಮೊದಲು ಒಂದು ವಿಷಯ ನೋಡಿ. ಮೇಲಿನ ಕೆ.ಜಿ. ಎಲ್ಲಾ ಚಾಲಿಯ ಲೆಕ್ಕ, ಅಂದರೆ ಹಣ್ಣಾದ ಅಡಿಕೆಯನ್ನು ಅಂಗಳದಲ್ಲಿ 35–40 ದಿನ ಒಣಗಿಸಿ ಸುಲಿದದ್ದು. ನಾವು ಮಾಡುವುದು ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ರಸದಲ್ಲಿ) ಬೇಯಿಸಿ ಒಣಗಿಸುವ ರಾಶಿ. ಚನ್ನಗಿರಿಯ ಅಡಿಕೆ ಮಾರಾಟ ಸಂಘ ತುಮ್ಕೋಸ್‌ನಲ್ಲಿ ನಾವು ನೋಡುವುದು ರಾಶಿಯ ದರ, ಅವರು ಮಂಗಳೂರಿನ ಅಡಿಕೆ ಸಹಕಾರ ಸಂಸ್ಥೆ ಕ್ಯಾಂಪ್ಕೋದಲ್ಲಿ ನೋಡುವುದು ಹೊಸ ಚಾಲಿ, ಹಳೆ ಚಾಲಿ. ಹಸಿಯಲ್ಲಿ ಕೊಯ್ದಾಗ ಹೋಳು ಹೇಗೆ ಬರುತ್ತೆ, ಬಣ್ಣ ಹೇಗೆ ಹಿಡಿಯುತ್ತೆ ಅನ್ನುವುದೇ ನಮಗೆ ಮುಖ್ಯ. ಅದಕ್ಕೆ ನಮ್ಮ ಹಿರಿಯರು ಆರಿಸಿಟ್ಟ ನಾಟಿ ಮರಗಳು, ತೀರ್ಥಹಳ್ಳಿ ಲೋಕಲ್, ಇವನ್ನು ಬಿಡುವ ಕಾರಣ ನನಗೆ ಕಾಣುತ್ತಿಲ್ಲ. ನಮ್ಮ ತೋಟಕ್ಕೆ ತೇವದ ಕಾಟ ಬಂದದ್ದು ಮಳೆಯಿಂದಲ್ಲ, ನಾಲೆಯಿಂದ. ತಗ್ಗಿನ ಎರಡು ಸಾಲಿನಲ್ಲಿ ನೀರು ನಿಂತು ಹಿಡಿಮುಂಡಿಗೆ ರೋಗ ಬಂತು, ಸೋಗೆ ಗಿಡ್ಡವಾಗಿ ಮುದುಡಿಕೊಂಡಿತು. ಬಸಿಗಾಲುವೆ ಆಳವಾಗಿ ತೆಗೆದ ಮೇಲೆ ನಿಧಾನಕ್ಕೆ ಸುಧಾರಿಸಿತು.

ಯಾವುದೇ ಹಾಕಿ, ಇಷ್ಟು ಬೇಕೇ ಬೇಕು

ಇಷ್ಟು ಹೊತ್ತು ಔಷಧಿ ಅಂದದ್ದು ಬೋರ್ಡೋ ದ್ರಾವಣವನ್ನು, ಅದನ್ನು ತಪ್ಪಿಸಲು ಆಗದು. ಒಂದು ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಒಳ್ಳೆ ಸುಣ್ಣ ಇನ್ನು 50 ಲೀಟರ್‌ನಲ್ಲಿ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಲ್ಲಿ ತಿರುಗಿಸುತ್ತಿರಬೇಕು. ಆಮೇಲೆ ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಲಗು ಇದ್ದ ಹಾಗೇ ಇದ್ದರೆ ಸರಿ. ಮಾಡಿದ ದಿನವೇ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಹಿಡಿತ ಇರುವುದಿಲ್ಲ. ಮೊದಲನೆಯದು ಮಳೆಗಾಲ ಶುರುವಾಗುವ ಮುಂಚೆ, ಎರಡನೆಯದು 40–45 ದಿನಕ್ಕೆ, ಮಳೆ ಮುಂದುವರಿದರೆ ಮೂರನೆಯದು.

ಅಂತರ 9 ಅಡಿಗೆ 9 ಅಡಿ. ಗಿಡ್ಡ ತಳಿ ಅಂತ ಒತ್ತಾಗಿ ಹಾಕಲು ಮನಸ್ಸು ಎಳೆಯುತ್ತೆ, ಕರಾವಳಿಯಲ್ಲಿ ಹಾಗೆ ಮಾಡಬೇಡಿ, ಗಾಳಿ ಬೆಳಕು ಆಡದ ತೋಟವೇ ಕೊಳೆಗೆ ಮನೆ. ನೀರು ಬಸಿಯುವ ಜಾಗ ಆದರೆ ಮಳೆ ಶುರುವಿನಲ್ಲಿ ನೆಡಬಹುದು, ನೀರು ನಿಲ್ಲುವ ಜಾಗ ಆದರೆ ಆಗಸ್ಟ್-ಸೆಪ್ಟೆಂಬರ್‌ವರೆಗೆ ಕಾಯಿರಿ. ಉಪ್ಪು ನೀರು ಹತ್ತುವ ಹೊಳೆ ಬದಿಗೆ ಯಾವ ಅಡಿಕೆಯೂ ಬೇಡ. ಎಲೆ ಚುಕ್ಕಿ ರೋಗ ಈಗ ಕರಾವಳಿ ಮಲೆನಾಡು ಎರಡರಲ್ಲೂ ಇದೆ, ಅದೂ ತಳಿ ನೋಡಿ ಬಿಡುವುದಿಲ್ಲ, ಹಾಗಾಗಿ ಸಸಿ ತರುವಾಗಲೇ ಎಲೆ ತಿರುಗಿಸಿ ನೋಡಿ. ಐದಕ್ಕಿಂತ ಹೆಚ್ಚು ಎಲೆ ಇರುವ, ಬುಡ ದಪ್ಪ ಇರುವ, ಒಂದರಿಂದ ಒಂದೂವರೆ ವರ್ಷದ ಸಸಿ ಆರಿಸಿ.

ಎತ್ತರದ ತಳಿಯನ್ನು ನೀವೇ ಸಸಿ ಮಾಡಿಕೊಳ್ಳುವುದಾದರೆ ನಮ್ಮಪ್ಪ ಮಾಡುತ್ತಿದ್ದದ್ದು ಹೇಳುತ್ತೇನೆ. ತಾಯಿ ಮರದ ಗೋಟನ್ನು ಬಕೆಟ್ ನೀರಿಗೆ ಹಾಕುತ್ತಿದ್ದರು. ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಂತು ತೇಲುವುದನ್ನು ಮಾತ್ರ ಆರಿಸಿಕೊಂಡು, ಅಡ್ಡ ಮಲಗಿದ್ದನ್ನು ಪಕ್ಕಕ್ಕೆ ಹಾಕುತ್ತಿದ್ದರು. ಬಿತ್ತುವಾಗಲೂ ತೊಟ್ಟು ಮೇಲಕ್ಕೇ ಇರಬೇಕು. ವಿಟ್ಲದವರು ಹೇಳುವುದೂ ಇದನ್ನೇ ಅಂತ ಆಮೇಲೆ ಗೊತ್ತಾಯಿತು. ಗಿಡ್ಡ ಹೈಬ್ರಿಡ್‌ಗೆ ಮಾತ್ರ ಇದು ನಡೆಯುವುದಿಲ್ಲ, ಕಾರಣ ಮೇಲೆ ಹೇಳಿದೆ.

ಕೊನೆಗೆ ತಂಗಿಯ ಗಂಡ ಮುನ್ನೂರು ಸಸಿಯನ್ನೂ ಒಂದೇ ತಳಿಯದು ಹಾಕಲಿಲ್ಲ. ಮನೆಗೆ ಹತ್ತಿರ ಇರುವ ಇಳಿಜಾರಿಗೆ ಅರವತ್ತು ಗಿಡ್ಡ ಹೈಬ್ರಿಡ್ ಅಂತ ವಿಟ್ಲದಲ್ಲಿ ಹೆಸರು ಬರೆಸಿದ್ದಾರೆ. ಅದಕ್ಕೆ ತಂಗಿಯೇ ನಿಂತು ಔಷಧಿ ಹೊಡೆಯುತ್ತೇನೆ ಅಂದಿದ್ದಾಳೆ. ದೂರದ ಗದ್ದೆ ಬದಿಯ ಜಾಗಕ್ಕೆ ಮೋಹಿತ್‌ನಗರ, ಅದಕ್ಕೆ ಮೊದಲು ಬಸಿಗಾಲುವೆ ಆಗಬೇಕು. ಸಸಿ ಕೈಗೆ ಬರುವುದು ತಡ ಆಗುತ್ತೆ ಅಂತ ಅವರಿಗೆ ಸ್ವಲ್ಪ ಬೇಸರ ಇದೆ. ಈ ಬೇಸಿಗೆಯಲ್ಲಿ ಕಾಲುವೆ ತೆಗೆಯಲು ನಾನೂ ಹೋಗುವವನಿದ್ದೇನೆ.